ಕಡಲಾಚೆಯ ಚಾರ್ಜರ್, ಮುರುಗಮಲ್ಲದ ಅಂಗಡಿ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಎಂದೊಡನೆ ಸುತ್ತಲಿನ ಜನರಿಗೆ ನೆನಪಾಗುವುದು ಅಮ್ಮಾಜಾನ್–ಬಾವಾಜಾನ್ ದರ್ಗಾ ಮತ್ತು ಮುಕ್ತೀಶ್ವರನ ಗುಡಿ. ಉರುಸಿನ ದಿನಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಮಾತುಗಳು ಅಲ್ಲಿ ಒಟ್ಟಿಗೇ ಕೇಳಿಬರುತ್ತವೆ. ಜಾತ್ರೆ ಎಂದ ಮೇಲೆ ಬಳೆ, ಬತ್ತಾಸು, ಆಟಿಕೆ ಇರಲೇಬೇಕು. ಈಗಿನ ಜಾತ್ರೆಗಳಲ್ಲಿ ಇವುಗಳ ಪಕ್ಕದಲ್ಲಿ ಇನ್ನೊಂದು ಸಾಲು ಬೆಳೆದಿದೆ. ಮೊಬೈಲ್ ಚಾರ್ಜರ್, ಇಯರ್‌ಫೋನ್, ಪವರ್ ಬ್ಯಾಂಕ್, ಬಣ್ಣಬಣ್ಣದ ಪುಟ್ಟ ಸ್ಪೀಕರ್!

ಇವುಗಳಲ್ಲಿ ಬಹಳಷ್ಟು ಕಡಲು ದಾಟಿ ಬಂದವು. ಇವನ್ನು ನೋಡಿದ ಕಾಲೇಜು ಹುಡುಗನೊಬ್ಬನ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು ಎಂದುಕೊಳ್ಳೋಣ. ‘ಅಲ್ಲಿಂದ ನಾನೇ ನೇರವಾಗಿ ತರಿಸಿ ಮಾರಿದರೆ? ಅಲ್ಲಿ ನೂರು ರೂಪಾಯಿ, ಇಲ್ಲಿ ಮುನ್ನೂರು. ಉಳಿದಿದ್ದೆಲ್ಲ ಲಾಭವೇ ಅಲ್ಲವೆ?’ ಮನೆಯಲ್ಲಿ ಅಪ್ಪ ಟೊಮೆಟೊ ಅಥವಾ ರೇಷ್ಮೆಗೂಡು ಮಾರಿ ಕೂಡಿಟ್ಟ ಹಣವಿದೆ. ಅದರಲ್ಲಿ ಒಂದು ಲಕ್ಷ ಕೇಳುತ್ತಾನೆ. ಕೊಡಬೇಕೆ, ಬೇಡವೆ?

ಬೇಡ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ವ್ಯಾಪಾರ ಕೆಟ್ಟ ಕಸುಬಲ್ಲ. ಆದರೆ ಹಣ ಕೊಡುವ ಮೊದಲು ಅಪ್ಪ ಮಗ ಇಬ್ಬರೂ ಒಂದು ಕಾಗದ, ಒಂದು ಪೆನ್ನು ಹಿಡಿದು ಕೂರುವುದು ಒಳ್ಳೆಯದು.

ಗಲ್ಫ್ ಪೆಟ್ಟಿಗೆಯ ಕಾಲ

ವಿದೇಶಿ ಎಲೆಕ್ಟ್ರಾನಿಕ್ಸ್ ವಸ್ತುಗಳ ವ್ಯಾಪಾರ ಕರ್ನಾಟಕಕ್ಕೆ ಹೊಸದೇನಲ್ಲ. ಒಂದು ಕಾಲದಲ್ಲಿ ಗಲ್ಫ್ ದೇಶಗಳಿಂದ ಊರಿಗೆ ಮರಳುವವರ ಪೆಟ್ಟಿಗೆಯಲ್ಲಿ ‘ಟೂ-ಇನ್-ಒನ್’ ಇಲ್ಲದಿದ್ದರೆ ಬಂಧುಗಳಿಗೆ ನಿರಾಸೆಯಾಗುತ್ತಿತ್ತು. ರೇಡಿಯೊ ಮತ್ತು ಟೇಪ್‌ರೆಕಾರ್ಡರ್ ಎರಡೂ ಒಂದರಲ್ಲೇ ಇದ್ದ ಆ ಯಂತ್ರ ಮನೆಯ ಅಂತಸ್ತಿನ ಗುರುತಾಗಿತ್ತು. ಕರಾವಳಿಯ ಭಟ್ಕಳ ‘ಫಾರಿನ್ ಸಾಮಾನಿನ’ ಅಂಗಡಿಗಳಿಗೆ ಹೆಸರಾದದ್ದು ಹೀಗೆ ಬಂದ ಮಾಲಿನಿಂದಲೇ. ಬೆಂಗಳೂರಿನವರಿಗೆ ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ ಇತ್ತು. ಬಿಡಿಭಾಗ ಬೇಕಾದವರಿಗೆ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಇಂದಿಗೂ ಇದೆ.

ಆ ಕಾಲದಲ್ಲಿ ಲೈಸೆನ್ಸ್ ಇಲ್ಲದೆ ಇಂಥ ವಸ್ತುಗಳನ್ನು ಆಮದು ಮಾಡಿಕೊಳ್ಳುವುದು ಸಾಧ್ಯವಿರಲಿಲ್ಲ. 1991ರ ಉದಾರೀಕರಣದ ನಂತರ ಬಾಗಿಲು ನಿಧಾನವಾಗಿ ತೆರೆಯಿತು. 1997ರಲ್ಲಿ ಭಾರತ ವಿಶ್ವ ವಾಣಿಜ್ಯ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಕಂಪ್ಯೂಟರ್ ಮತ್ತು ಅದರ ಬಿಡಿಭಾಗಗಳ ಮೇಲಿನ ಸುಂಕ ಹಂತಹಂತವಾಗಿ ಇಳಿಯಿತು. ಗ್ರಾಹಕ ವಸ್ತುಗಳ ಆಮದಿಗೆ ಇದ್ದ ಪ್ರಮಾಣದ ಮಿತಿಗಳಲ್ಲಿ ಕೊನೆಯವು 2001ರ ಏಪ್ರಿಲ್ 1ರಂದು ತೆಗೆಯಲ್ಪಟ್ಟವು. ಅತ್ತ ಚೀನಾದಲ್ಲಿ 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಶೆನ್‌ಜೆನ್, ಜಗತ್ತಿಗೇ ಎಲೆಕ್ಟ್ರಾನಿಕ್ಸ್ ಒದಗಿಸುವ ನಗರವಾಗಿ ಬೆಳೆಯಿತು. ಬಾಗಿಲು ತೆರೆದಿದೆ, ನಿಜ. ಆದರೆ ಬಾಗಿಲಿಗೆ ಒಂದು ಹೊಸ್ತಿಲೂ ಇದೆ!

ನೂರು ರೂಪಾಯಿಯ ಲೆಕ್ಕ

ಆಮದು ಮಾಡುವವರಿಗೆ ಮೊದಲು ಬೇಕಾದದ್ದು ಆಮದು–ರಫ್ತು ಸಂಕೇತ ಸಂಖ್ಯೆ. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಅದನ್ನು ಕೊಡುತ್ತದೆ. ಶುಲ್ಕ 500 ರೂಪಾಯಿ. ನಿಮ್ಮ ಪ್ಯಾನ್ ಸಂಖ್ಯೆಯೇ ಆ ಸಂಖ್ಯೆಯೂ ಹೌದು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ದೃಢಪಡಿಸಬೇಕು. ಇದು ಸುಲಭದ ಹೆಜ್ಜೆ. ಇಷ್ಟನ್ನೇ ‘ಇಂಪೋರ್ಟ್ ಲೈಸೆನ್ಸ್’ ಎಂದು ಭಾವಿಸಿ ಮುಂದೆ ನುಗ್ಗಿದವರು ಎಡವುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಕಾರ್ಖಾನೆ ದರ 100 ರೂಪಾಯಿಯಂತೆ 500 ಮೊಬೈಲ್ ಚಾರ್ಜರ್‌ಗಳನ್ನು ತರಿಸಿದೆವು ಎನ್ನಿ. ಬೆಲೆ 50,000 ರೂ. ಸಾಗಣೆ ಮತ್ತು ವಿಮೆಗೆ 15,000 ರೂ. ಎಂದು ಹಿಡಿಯೋಣ. ಸುಂಕ ಬೀಳುವುದು ಬರಿಯ 50,000ದ ಮೇಲಲ್ಲ, ಒಟ್ಟು 65,000ದ ಮೇಲೆ. ಹೆಚ್ಚಿನವರು ತಪ್ಪುವ ಮೊದಲ ಜಾಗ ಇದು.

ಮೊಬೈಲ್ ಚಾರ್ಜರ್ ಮೇಲಿನ ಮೂಲ ಸುಂಕವನ್ನು 2024ರ ಜುಲೈ ಬಜೆಟ್ಟಿನಲ್ಲಿ ಶೇ. 20ರಿಂದ ಶೇ. 15ಕ್ಕೆ ಇಳಿಸಲಾಯಿತು. ಆ ದರದಂತೆ ಸುಂಕ 9,750 ರೂ. ಆ ಸುಂಕದ ಮೇಲೆ ಶೇ. 10ರ ಸಮಾಜ ಕಲ್ಯಾಣ ಮೇಲ್ತೆರಿಗೆ, ಅಂದರೆ 975 ರೂ. ಇಲ್ಲಿಗೆ 75,725 ರೂ. ಆಯಿತು. ಈ ಇಡೀ ಮೊತ್ತದ ಮೇಲೆ ಶೇ. 18ರ ಐ.ಜಿ.ಎಸ್.ಟಿ. ಅದು ಸುಮಾರು 13,630 ರೂ. ಕಸ್ಟಮ್ಸ್ ಏಜೆಂಟರ ಶುಲ್ಕ, ಗೋದಾಮಿನ ಬಾಡಿಗೆ, ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಊರಿಗೆ ತರುವ ಖರ್ಚು ಸೇರಿ 8,000 ರೂ. ಎಂದುಕೊಂಡರೆ ಒಟ್ಟು 97,355 ರೂ.

ನೂರಕ್ಕೆ ಐದು ಚಾರ್ಜರ್ ಕೆಟ್ಟೇ ಬಂದವು ಎನ್ನಿ. ಮಾರಲು ಉಳಿದದ್ದು 475. ಭಾಗಿಸಿ ನೋಡಿ: ಒಂದಕ್ಕೆ 205 ರೂಪಾಯಿ! ‘ನೂರು ರೂಪಾಯಿಯ’ ಚಾರ್ಜರ್ ಅಂಗಡಿಗೆ ಬರುವ ಹೊತ್ತಿಗೆ ಎರಡು ಪಟ್ಟಾಗಿದೆ. ಜಿ.ಎಸ್.ಟಿ. ನೋಂದಣಿ ಇದ್ದವರು ಆ 13,630 ರೂಪಾಯಿಯನ್ನು ಮುಂದೆ ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೂ ಒಂದಕ್ಕೆ 176 ರೂ. ಬೀಳುತ್ತದೆ. ಅಲ್ಲಿಯವರೆಗೆ ಕೈಯಿಂದ ಹಾಕಿದ ಹಣ ಸಿಕ್ಕಿಕೊಂಡೇ ಇರುತ್ತದೆ. ಸಾಗಣೆ ಮತ್ತು ಏಜೆಂಟರ ಖರ್ಚು ಪೆಟ್ಟಿಗೆ ಚಿಕ್ಕದಾದಷ್ಟೂ ತಲಾ ಹೆಚ್ಚಾಗುತ್ತದೆ. ದೊಡ್ಡ ವ್ಯಾಪಾರಿ ಗೆಲ್ಲುವುದು ಇಲ್ಲೇ.

‘ಬಿಲ್ಲಿನಲ್ಲಿ ಕಡಿಮೆ ಬೆಲೆ ಬರೆಸಿದರಾಯಿತು’ ಎಂದು ಸಲಹೆ ಕೊಡುವವರು ಇರುತ್ತಾರೆ. ಅದು ಅಪರಾಧ. ನಮೂದಿಸಿದ ಬೆಲೆ ನಂಬುವಂತಿಲ್ಲದಿದ್ದರೆ ಅದನ್ನು ತಿರಸ್ಕರಿಸಿ ಹೊಸದಾಗಿ ಬೆಲೆ ಕಟ್ಟುವ ಅಧಿಕಾರ ಕಸ್ಟಮ್ಸ್ ಇಲಾಖೆಗೆ ಇದೆ. 1962ರ ಕಸ್ಟಮ್ಸ್ ಕಾಯಿದೆಯಂತೆ ದಂಡವೂ ಉಂಟು, ಮುಟ್ಟುಗೋಲೂ ಉಂಟು. ‘ಸಂಬಂಧಿಕರಿಂದ ಉಡುಗೊರೆ ಎಂದು ಕಳುಹಿಸಿಕೊಳ್ಳೋಣ’ ಎಂಬ ದಾರಿಯೂ ಮುಚ್ಚಿದೆ. ಅಂಚೆ ಮತ್ತು ಕೊರಿಯರ್ ಮೂಲಕ ಬರುವ 5,000 ರೂ. ವರೆಗಿನ ಉಡುಗೊರೆಗೆ ಇದ್ದ ವಿನಾಯಿತಿ, ರಾಖಿ ಮತ್ತು ಜೀವರಕ್ಷಕ ಔಷಧಗಳನ್ನು ಬಿಟ್ಟು, 2019ರ ಡಿಸೆಂಬರಿನಲ್ಲಿ ರದ್ದಾಯಿತು.

ನೋಂದಣಿ ಎಂಬ ಗೋಡೆ

ಸುಂಕ ಕಟ್ಟಿದರೂ ಮಾಲು ಹೊರಬರುತ್ತದೆ ಎಂಬ ಖಾತರಿಯಿಲ್ಲ. ಎಲೆಕ್ಟ್ರಾನಿಕ್ಸ್ ವಸ್ತುಗಳ ಕಡ್ಡಾಯ ನೋಂದಣಿ ಆದೇಶ 2012ರಲ್ಲಿ ಹೊರಟಿತು. ಮೊದಲು ಲ್ಯಾಪ್‌ಟಾಪ್, ಪ್ರಿಂಟರ್, ಸೆಟ್‌ಟಾಪ್ ಬಾಕ್ಸ್ ಮುಂತಾದವು ಸೇರಿದವು. 2014ರ ಎರಡನೆಯ ಪಟ್ಟಿಯಲ್ಲಿ ಮೊಬೈಲ್ ಫೋನ್, ಪವರ್ ಬ್ಯಾಂಕ್, ಎಲ್.ಇ.ಡಿ. ದೀಪಗಳೂ ಬಂದವು. ಚಾರ್ಜರ್‌ಗಳಿಗೂ ಈ ನೋಂದಣಿ ಬೇಕು. ಇಂಥ ವಸ್ತು ಭಾರತೀಯ ಮಾನಕ ಬ್ಯೂರೊದ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಳಗಾಗಿ, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಪಡೆದಿರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ನೋಂದಣಿ ಸಿಗುವುದು ವಸ್ತುವನ್ನು ತಯಾರಿಸುವ ಕಾರ್ಖಾನೆಗೆ, ತರಿಸುವ ಅಂಗಡಿಯವನಿಗಲ್ಲ. ವಿದೇಶಿ ಕಾರ್ಖಾನೆಯಾದರೆ ಭಾರತದಲ್ಲಿ ಅದಕ್ಕೊಬ್ಬ ಅಧಿಕೃತ ಪ್ರತಿನಿಧಿ ಇರಬೇಕು. 500 ಚಾರ್ಜರ್ ಕೊಳ್ಳುವ ಹುಡುಗನಿಗಾಗಿ ಯಾವ ಕಾರ್ಖಾನೆ ಈ ಕಷ್ಟಕ್ಕೆ ಇಳಿದೀತು? ನೋಂದಣಿ ಇಲ್ಲದ ಮಾಲು ಬಂದರೆ ಅದನ್ನು ತಂದವನ ಖರ್ಚಿನಲ್ಲೇ ವಾಪಸು ಕಳುಹಿಸಬೇಕು. ಇಲ್ಲವಾದರೆ ಬಳಸಲಾಗದಂತೆ ವಿರೂಪಗೊಳಿಸಿ ಗುಜರಿಗೆ ಹಾಕುತ್ತಾರೆ. ಅಪ್ಪನ ಒಂದು ಲಕ್ಷ ರೂಪಾಯಿ ಅಲ್ಲಿಗೆ ಮುಗಿಯಿತು!

ಇನ್ನೂ ಕೆಲವು ಕಟ್ಟುಪಾಡುಗಳಿವೆ. ಬ್ಲೂಟೂತ್ ಇಯರ್‌ಫೋನ್, ಸ್ಪೀಕರ್‌ಗಳು ರೇಡಿಯೊ ತರಂಗ ಬಳಸುವುದರಿಂದ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗದ ಅನುಮೋದನೆ ಬೇಕು. ಪೊಟ್ಟಣದ ಮೇಲೆ ಆಮದುದಾರನ ಹೆಸರು, ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರಬೇಕು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ, ಅವುಗಳ ಪಟ್ಟಿಯಲ್ಲಿರುವ ವಸ್ತುಗಳನ್ನು ಆಮದು ಮಾಡುವವರೂ ‘ಉತ್ಪಾದಕ’ರ ಸಾಲಿಗೇ ಸೇರುತ್ತಾರೆ. ಹಳೆಯದಾದ ವಸ್ತು ಸರಿಯಾಗಿ ಮರುಬಳಕೆ ಆಗುವಂತೆ ನೋಡಿಕೊಳ್ಳುವ ಹೊಣೆಯೂ ಅವರದೇ. ಆಟಕ್ಕೆಂದು ಡ್ರೋನ್ ತರಿಸುವ ಆಸೆಯಿದ್ದರೆ, ಸಿದ್ಧ ಡ್ರೋನ್‌ಗಳ ಆಮದನ್ನು 2022ರ ಫೆಬ್ರವರಿ 9ರಂದೇ ನಿಷೇಧಿಸಲಾಗಿದೆ. ಸಂಶೋಧನೆ, ರಕ್ಷಣೆಯಂಥ ಉದ್ದೇಶಗಳಿಗೆ ಮಾತ್ರ ಅನುಮತಿಯ ಮೇರೆಗೆ ವಿನಾಯಿತಿ.

230 ವೋಲ್ಟ್ ಮತ್ತು 5 ವೋಲ್ಟ್ ನಡುವೆ

ಇಷ್ಟೆಲ್ಲ ಕಟ್ಟುಪಾಡು ಏಕೆ? ಅಧಿಕಾರಿಗಳ ಕಿರುಕುಳವೆಂದು ತಳ್ಳಿಹಾಕುವ ಮೊದಲು ಒಂದು ಚಾರ್ಜರ್‌ನ ಒಳಗೆ ಏನಿದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು.

ಗೋಡೆಯ ಪ್ಲಗ್ಗಿನಿಂದ ಬರುವುದು 230 ವೋಲ್ಟ್ ಪರ್ಯಾಯ ವಿದ್ಯುತ್. ಅದರ ಶಿಖರ ಮೌಲ್ಯ 230ನ್ನು 1.414ರಿಂದ ಗುಣಿಸಿದರೆ ಸಿಗುತ್ತದೆ. ಅದು ಸುಮಾರು 325 ವೋಲ್ಟ್. ಚಾರ್ಜರ್ ಮೊದಲು ಇದನ್ನು ಏಕಮುಖ ವಿದ್ಯುತ್ತಾಗಿಸುತ್ತದೆ. ಬಳಿಕ ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕಡಿದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತದೆ. ಟ್ರಾನ್ಸ್‌ಫಾರ್ಮರ್‌ನ ಎರಡು ಸುರುಳಿಗಳು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಶಕ್ತಿಯನ್ನು ದಾಟಿಸುವುದು ಕಾಂತಕ್ಷೇತ್ರ. ಆಚೆಯ ಬದಿಯಲ್ಲಿ 5 ವೋಲ್ಟ್ ದೊರೆಯುತ್ತದೆ. ಹಾಸಿಗೆಯ ಮೇಲೆ ಮಲಗಿ, ಚಾರ್ಜಿಗೆ ಹಾಕಿದ ಫೋನನ್ನು ಕಿವಿಗೆ ಹಿಡಿದ ಮಗುವಿಗೂ 325 ವೋಲ್ಟಿಗೂ ನಡುವೆ ಇರುವುದು ಈ ಕೆಲವೇ ಮಿಲಿಮೀಟರುಗಳ ಅಂತರ, ತೆಳು ನಿರೋಧಕ ಪಟ್ಟಿ ಮತ್ತು ಒಂದೆರಡು ಬಿಡಿಭಾಗ. ಇಷ್ಟೇ!

ಅಗ್ಗದ ಚಾರ್ಜರ್ ಅಗ್ಗವಾಗುವುದು ಅನೇಕ ಸಲ ಈ ಅಂತರದಲ್ಲಿ ಉಳಿತಾಯ ಮಾಡಿ. ಪಟ್ಟಿ ಒಂದು ಸುತ್ತು ಕಡಿಮೆ, ತಂತಿ ಸ್ವಲ್ಪ ತೆಳುವು, ಫ್ಯೂಸ್ ನಾಪತ್ತೆ. ಫೋನ್ ಆಗಲೂ ಚಾರ್ಜ್ ಆಗುತ್ತದೆ. ಆದ್ದರಿಂದ ಕೊಳ್ಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಅವಘಡವಾದ ದಿನ. ನೋಂದಣಿ ಸಂಖ್ಯೆಯ ಹಿಂದಿರುವ ಪರೀಕ್ಷೆಗಳು ಅಳೆಯುವುದು ಹೊರಗಿನಿಂದ ಕಾಣದ ಈ ಅಂತರವನ್ನೇ.

ತಕ್ಕಡಿಯ ಸಾಕ್ಷಿ

ಹಾಗೆಂದು ಅಂಗಡಿಯವನ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದವರಿಗೆ ಇದು ಗೊತ್ತು. ರೀಲರು ಗೂಡಿನ ರಾಶಿಯಿಂದ ಒಂದು ಹಿಡಿ ಎತ್ತಿ, ಒತ್ತಿ, ಅಲುಗಿಸಿ ನೋಡದೆ ಬೆಲೆ ಕೂಗುವುದಿಲ್ಲ. ಎಲೆಕ್ಟ್ರಾನಿಕ್ಸ್ ಮಾಲಿಗೂ ಅಂಥ ಪರೀಕ್ಷೆಗಳಿವೆ. ಅವುಗಳಿಗೆ ಹತ್ತನೆಯ ತರಗತಿಯ ವಿಜ್ಞಾನ ಸಾಕು.

ಪವರ್ ಬ್ಯಾಂಕ್ ಒಂದರ ಮೇಲೆ ‘50,000 ಮಿಲಿಆಂಪಿಯರ್-ಗಂಟೆ’ ಎಂದು ಬರೆದಿದೆ ಎನ್ನಿ. ಒಳಗಿರುವ ಸಾಮಾನ್ಯ ಲಿಥಿಯಂ ಕೋಶವೊಂದರ ಸಾಮರ್ಥ್ಯ ಹೆಚ್ಚೆಂದರೆ ಸುಮಾರು 3,500. ತೂಕ ಸುಮಾರು 45 ಗ್ರಾಂ. ಹಾಗಾದರೆ ಕನಿಷ್ಠ 15 ಕೋಶ ಬೇಕು. ಕೋಶಗಳೇ ಸುಮಾರು 675 ಗ್ರಾಂ ಆದವು. ಕೈಲಿರುವ ಪೆಟ್ಟಿಗೆಯನ್ನು ತಕ್ಕಡಿಗೆ ಹಾಕಿ. 250 ಗ್ರಾಂ ತೂಗಿದರೆ, ಸುಳ್ಳು ಹೇಳುತ್ತಿರುವುದು ತಕ್ಕಡಿಯಲ್ಲ!

ಇನ್ನೊಂದು ಲೆಕ್ಕ. 10,000 ಎಂದು ಪ್ರಾಮಾಣಿಕವಾಗಿ ಬರೆದ ಪವರ್ ಬ್ಯಾಂಕಿನಿಂದಲೂ ಫೋನಿಗೆ 10,000 ಸಿಗುವುದಿಲ್ಲ. ಆ ಸಂಖ್ಯೆ 3.7 ವೋಲ್ಟಿನ ಕೋಶಕ್ಕೆ ಸಂಬಂಧಿಸಿದ್ದು. ಶಕ್ತಿ 37 ವ್ಯಾಟ್-ಗಂಟೆ. ಹೊರಗೆ ಬರುವುದು 5 ವೋಲ್ಟಿನಲ್ಲಿ. 37ನ್ನು 5ರಿಂದ ಭಾಗಿಸಿದರೆ 7,400 ಮಾತ್ರ. ಪರಿವರ್ತನೆಯ ನಷ್ಟ ಕಳೆದರೆ ಇನ್ನೂ ಕಡಿಮೆ. ಇದನ್ನು ಗಿರಾಕಿಗೆ ಮೊದಲೇ ಬಿಡಿಸಿ ಹೇಳುವ ಅಂಗಡಿಯವನನ್ನು ಗಿರಾಕಿ ಮರೆಯುವುದಿಲ್ಲ.

ಮೂರನೆಯದು, ಹೊರದೇಶದಿಂದ ಬಂದ ಉಪಕರಣದ ಮೇಲಿನ ಬರಹ. ‘100–240 ವೋಲ್ಟ್’ ಎಂದಿದ್ದರೆ ನಮ್ಮಲ್ಲಿ ಬಳಸಬಹುದು. ಬರಿಯ 120 ಎಂದಿದ್ದರೆ ಅದು ಅಮೆರಿಕದ್ದು, 100 ಎಂದಿದ್ದರೆ ಜಪಾನಿನದು. ನಮ್ಮ ಪ್ಲಗ್ಗಿಗೆ ಸಿಕ್ಕಿಸಿದರೆ ಹೊಗೆ ಬರುವುದು ಖಂಡಿತ. ಇನ್ನು ನೋಂದಣಿ ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ಮಾನಕ ಬ್ಯೂರೊದ ‘ಬಿ.ಐ.ಎಸ್. ಕೇರ್’ ಆ್ಯಪ್‌ನಲ್ಲಿ ನಮೂದಿಸಿ ಯಾರು ಬೇಕಾದರೂ ನೋಡಬಹುದು. ಯಾವ ಕಾರ್ಖಾನೆ, ಯಾವ ಬ್ರಾಂಡ್ ಎಂಬುದು ಅಲ್ಲೇ ಕಾಣುತ್ತದೆ.

ಹಾಗಾದರೆ ದಾರಿ ಯಾವುದು?

ಆ ಕಾಲೇಜು ಹುಡುಗನಿಗೆ ಒಂದು ಮಧ್ಯಮ ದಾರಿಯಿದೆ. ಮೊದಲ ವರ್ಷ ಕಡಲಾಚೆಗೆ ಕೈ ಚಾಚುವುದು ಬೇಡ. ಎಸ್.ಪಿ. ರಸ್ತೆಯಂಥ ಕಡೆ, ನೋಂದಣಿ ಇರುವ ಮಾಲನ್ನು ಕಾನೂನುಬದ್ಧವಾಗಿ ತರಿಸಿದ ಸಗಟು ವ್ಯಾಪಾರಿಯಿಂದ, ಬಿಲ್ ಪಡೆದು ಹತ್ತಿಪ್ಪತ್ತು ತಂದರೆ ಸಾಕು. ಲಾಭ ಕಡಿಮೆ, ನಿಜ. ಆದರೆ ಮುಳುಗುವ ಹಣವೂ ಕಡಿಮೆ. ಒಂದು ಮಲ್ಟಿಮೀಟರ್, ಒಂದು ಯು.ಎಸ್.ಬಿ. ಮೀಟರ್, ಒಂದು ತಕ್ಕಡಿ, ಒಂದು ನೋಟುಪುಸ್ತಕ ಇಟ್ಟುಕೊಳ್ಳಲಿ. ಯಾವ ಮಾಲು ಎಷ್ಟು ದಿನಕ್ಕೆ ವಾಪಸು ಬಂತು, ಏಕೆ ಬಂತು ಎಂದು ಬರೆದಿಡಲಿ. ರಿಪೇರಿ ಕಲಿಯಲಿ. ವರ್ಷದ ಕೊನೆಗೆ ಆ ಪುಸ್ತಕವೇ ಅವನ ನಿಜವಾದ ಬಂಡವಾಳ. ಮುಂದೆ ನೇರವಾಗಿ ತರಿಸುವ ದಿನ ಬಂದರೆ ಏನು ಕೇಳಬೇಕು, ಯಾವುದನ್ನು ಬೇಡವೆನ್ನಬೇಕು ಎಂಬುದು ಅವನಿಗೆ ತಿಳಿದಿರುತ್ತದೆ.

ಕಾಲವೂ ಬದಲಾಗುತ್ತಿದೆ. ನೆರೆಯ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಸಂಸ್ಥೆ ಕೊಂಡುಕೊಂಡಿತು. ಒಂದು ಕಾಲದಲ್ಲಿ ಹಡಗಿನಲ್ಲಿ ಬರುತ್ತಿದ್ದುದು ಈಗ ನಮ್ಮ ಪಕ್ಕದಲ್ಲೇ ಜೋಡಣೆಯಾಗುತ್ತಿದೆ. ವಸ್ತು ಎಲ್ಲಿಂದ ಬಂತು ಎಂಬುದಕ್ಕಿಂತ ಅದು ಒಳಗೆ ಹೇಗಿದೆ ಎಂದು ಬಲ್ಲವರಿಗೆ ಮುಂದೆ ಬೆಲೆ ಹೆಚ್ಚು.

ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತವಿಜ್ಞಾನದ ಮೇಷ್ಟ್ರು ಡಾ. ಎಚ್. ನರಸಿಂಹಯ್ಯನವರು ಜೀವನವಿಡೀ ವಿದ್ಯಾರ್ಥಿಗಳಿಗೆ ಕಲಿಸಿದ್ದು, ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು. ಆ ಪಾಠ ಪ್ರಯೋಗಶಾಲೆಗೆ ಮಾತ್ರವಲ್ಲ, ಅಂಗಡಿಗೂ ಸಲ್ಲುತ್ತದೆ. ಮಗ ಒಂದು ಲಕ್ಷ ಕೇಳಿದರೆ ಅಪ್ಪ ತಿರುಗಿ ಒಂದು ಪ್ರಶ್ನೆ ಕೇಳಲಿ: ‘ಇದೇ ಚಾರ್ಜರನ್ನು ನಮ್ಮ ಮನೆಯ ಪ್ಲಗ್ಗಿಗೆ ಸಿಕ್ಕಿಸಿ, ನಿನ್ನ ತಂಗಿಯ ಕೈಗೆ ಫೋನ್ ಕೊಡುತ್ತೀಯಾ?’ ಹೌದೆಂದು ಕಾರಣ ಸಹಿತ ಹೇಳಬಲ್ಲನಾದರೆ, ಆ ಹುಡುಗ ವ್ಯಾಪಾರಕ್ಕೆ ತಯಾರಾಗಿದ್ದಾನೆ.