ತಲೆಗೆ ಪೆಟ್ಟಾದ ವಿದ್ಯಾರ್ಥಿಗಳ ಚೇತರಿಕೆ: ಪೋಷಕರಿಗೆ ಹಾಗೂ ಶಿಕ್ಷಕರಿಗೆ ಮಾಹಿತಿ

ಆಟದ ಮೈದಾನದಲ್ಲಿ ಬಿದ್ದಾಗ, ಮೆಟ್ಟಿಲಿನಿಂದ ಜಾರಿದಾಗ ಅಥವಾ ದ್ವಿಚಕ್ರ ವಾಹನದ ಅಪಘಾತದಲ್ಲಿ ತಲೆಗೆ ಪೆಟ್ಟಾದಾಗ ಮಿದುಳು ತಲೆಬುರುಡೆಯೊಳಗೆ ಅಲುಗುತ್ತದೆ. ಇದರಿಂದ ಮಿದುಳಿನ ಕಾರ್ಯದಲ್ಲಿ ಉಂಟಾಗುವ ತಾತ್ಕಾಲಿಕ ಏರುಪೇರನ್ನು ವೈದ್ಯರು ಕನ್ಕಷನ್ ಎಂದು ಕರೆಯುತ್ತಾರೆ. ಪ್ರಜ್ಞೆ ತಪ್ಪಿದರೆ ಮಾತ್ರ ಇದನ್ನು ಗಂಭೀರವಾಗಿ ಪರಿಗಣಿಸಬೇಕೆಂಬ ತಿಳಿವಳಿಕೆ ಸರಿಯಲ್ಲ. ಬಹುಪಾಲು ಪ್ರಕರಣಗಳಲ್ಲಿ ಪ್ರಜ್ಞೆ ತಪ್ಪಿರುವುದೇ ಇಲ್ಲ.

ಸಿ.ಟಿ. ಸ್ಕ್ಯಾನ್ ಪರೀಕ್ಷೆಯಿಂದ ಮೂಳೆ ಮುರಿತ ಮತ್ತು ರಕ್ತಸ್ರಾವ ತಿಳಿದುಬರುತ್ತವೆಯೇ ಹೊರತು ಕನ್ಕಷನ್ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ವರದಿ ನಾರ್ಮಲ್ ಎಂದು ಬಂದ ಮಾತ್ರಕ್ಕೆ ಮಗು ಪೂರ್ಣ ಗುಣವಾಗಿದೆ ಎಂದು ಭಾವಿಸಬಾರದು. ತಲೆನೋವು, ತಲೆಸುತ್ತು, ಬೆಳಕು ಹಾಗೂ ಗದ್ದಲ ಸಹಿಸಲಾಗದಿರುವುದು, ಓದಿದ್ದು ನೆನಪಿನಲ್ಲಿ ಉಳಿಯದಿರುವುದು, ಸಿಡಿಮಿಡಿ, ನಿದ್ರೆಯಲ್ಲಿ ವ್ಯತ್ಯಾಸ ಇವು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಇರಬಹುದು. ಕೈ ಮುರಿದ ಮಗುವಿನ ಪಟ್ಟಿ ಎಲ್ಲರಿಗೂ ಕಾಣುತ್ತದೆ. ಈ ಪೆಟ್ಟಿಗೆ ಹೊರಗುರುತು ಇಲ್ಲದಿರುವುದರಿಂದ ಮಗುವನ್ನು ಸೋಮಾರಿ ಎಂದು ಗದರುವ ಸಂದರ್ಭಗಳೇ ಹೆಚ್ಚು.

ತುರ್ತು ಲಕ್ಷಣಗಳು

ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಮಾತಿನ ತೊದಲು, ಕೈಕಾಲುಗಳ ಬಲಹೀನತೆ, ಎಬ್ಬಿಸಿದರೂ ಏಳದಂತಹ ಮಂಪರು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂತಹ ದ್ರವ ಸೋರುವುದು ಕಂಡುಬಂದಲ್ಲಿ ಕೂಡಲೇ 108 ಆಂಬುಲೆನ್ಸ್‌ಗೆ ಕರೆ ಮಾಡತಕ್ಕದ್ದು.

ಮನೆಯಲ್ಲಿ

ಮೊದಲ 24ರಿಂದ 48 ಗಂಟೆಗಳ ಕಾಲ ವಿಶ್ರಾಂತಿ ಅಗತ್ಯ. ಈ ಅವಧಿಯಲ್ಲಿ ಮೊಬೈಲ್ ಮತ್ತು ದೂರದರ್ಶನ ವೀಕ್ಷಣೆಯನ್ನು ಕಡಿಮೆ ಮಾಡಬೇಕು. ಆದರೆ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿಯಿಂದ ಪ್ರಯೋಜನವಿಲ್ಲವೆಂದು ಈಗ ತಿಳಿದುಬಂದಿದೆ. ಎರಡು ದಿನಗಳ ನಂತರ, ತೊಂದರೆ ಹೆಚ್ಚಾಗದ ಮಟ್ಟಿಗೆ, ನಡಿಗೆ ಹಾಗೂ ಮನೆಯ ಹಗುರ ಕೆಲಸಗಳನ್ನು ಮಾಡಬಹುದು. ತಲೆಗೆ ಪೆಟ್ಟಾದವರನ್ನು ಮಲಗಲು ಬಿಡಬಾರದೆಂಬ ನಂಬಿಕೆ ಹಲವೆಡೆ ಇದೆ. ವೈದ್ಯರು ಪರೀಕ್ಷಿಸಿ ಮನೆಗೆ ಕಳುಹಿಸಿದ ಬಳಿಕ ನಿದ್ರೆಯು ಚೇತರಿಕೆಗೆ ಸಹಾಯಕ. ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನೀಡಬಾರದು.

ಶಾಲೆಯಲ್ಲಿ

ಲಕ್ಷಣಗಳು ಸಂಪೂರ್ಣ ಹೋಗುವವರೆಗೆ ಕಾಯದೆ, ಮನೆಯಲ್ಲಿ ಅರ್ಧ ಗಂಟೆಯಷ್ಟು ಓದು ಸಾಧ್ಯವಾದಾಗ ಅರ್ಧ ದಿನದ ಹಾಜರಾತಿಯಿಂದ ಶಾಲೆಯನ್ನು ಆರಂಭಿಸಬಹುದು. ಪೋಷಕರು ರಜೆ ಅರ್ಜಿಯೊಂದಿಗೆ ವೈದ್ಯಕೀಯ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಗೆ ಸಲ್ಲಿಸುವುದು ಸೂಕ್ತ. ಪ್ರಮಾಣಪತ್ರದಲ್ಲಿ ಕೇವಲ “ವಿಶ್ರಾಂತಿ ಅಗತ್ಯ” ಎಂದಿದ್ದರೆ ಶಿಕ್ಷಕರಿಗೆ ಹೆಚ್ಚಿನ ನೆರವಾಗುವುದಿಲ್ಲ. ಅವಧಿಗಳ ನಡುವೆ ವಿರಾಮ, ಕಿಟಕಿಯ ಬಿಸಿಲಿನಿಂದ ದೂರದ ಆಸನ, ಕಡಿಮೆ ಹೋಂವರ್ಕ್, ಕಿರುಪರೀಕ್ಷೆಗಳ ಮುಂದೂಡಿಕೆ, ಆಟದ ಅವಧಿಯಿಂದ ವಿನಾಯಿತಿ ಇವುಗಳನ್ನು ದಿನಾಂಕ ಸಹಿತ ನಮೂದಿಸುವಂತೆ ವೈದ್ಯರನ್ನು ಕೋರಬೇಕು. ಪ್ರಮಾಣಪತ್ರದ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಂಡರೆ ಮುಂದೆ ಹಾಜರಾತಿ ಕೊರತೆಯ ಪ್ರಶ್ನೆ ಬಂದಾಗ ಉಪಯೋಗಕ್ಕೆ ಬರುತ್ತದೆ. ಟ್ಯೂಷನ್ ತರಗತಿಗಳನ್ನು ಪೂರ್ಣ ದಿನದ ಶಾಲೆ ಸಾಧ್ಯವಾದ ನಂತರವೇ ಪುನರಾರಂಭಿಸುವುದು ಒಳಿತು.

ಆಟಕ್ಕೆ ಮರಳುವ ಮುನ್ನ

ಶಾಲೆ ಮೊದಲು, ಆಟ ನಂತರ. ಮಿದುಳು ಚೇತರಿಸಿಕೊಳ್ಳುವ ಮೊದಲೇ ಮತ್ತೊಂದು ಪೆಟ್ಟು ಬಿದ್ದಲ್ಲಿ ಗುಣವಾಗುವುದು ಬಹಳ ವಿಳಂಬವಾಗುತ್ತದೆ. ಅಪರೂಪವಾಗಿ ಮಿದುಳು ಊದಿಕೊಂಡು ಪ್ರಾಣಾಪಾಯವೂ ಸಂಭವಿಸಬಹುದು. ಆದುದರಿಂದ ಪೆಟ್ಟಾದ ದಿನ ಮಗುವನ್ನು ಯಾವ ಕಾರಣಕ್ಕೂ, ಅಂದು ಅಂತಿಮ ಪಂದ್ಯವಿದ್ದರೂ, ಪುನಃ ಆಡಿಸಬಾರದು. ನಂತರ ನಡಿಗೆ, ನಿಧಾನ ಓಟ, ಒಬ್ಬರೇ ಮಾಡುವ ಅಭ್ಯಾಸ ಎಂಬ ಕ್ರಮದಲ್ಲಿ, ಪ್ರತಿ ಹಂತಕ್ಕೆ ಕನಿಷ್ಠ ಒಂದು ದಿನ ನೀಡಿ ಮುಂದುವರಿಯಬೇಕು. ಕಬಡ್ಡಿ, ಫುಟ್‌ಬಾಲ್‌ನಂತಹ ಮೈತಾಗುವ ಆಟಗಳಿಗೆ ವೈದ್ಯರ ಅನುಮತಿ ಕಡ್ಡಾಯವಾಗಿ ಪಡೆಯಬೇಕು. ಸೈಕಲ್ ಸವಾರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಹೆಚ್ಚಿನ ಮಕ್ಕಳು ನಾಲ್ಕು ವಾರಗಳೊಳಗೆ ಚೇತರಿಸಿಕೊಳ್ಳುತ್ತಾರೆ. ನಂತರವೂ ತೊಂದರೆ ಉಳಿದಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮರುತಪಾಸಣೆ ಮಾಡಿಸಿ, ಅಗತ್ಯವೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ತಜ್ಞ ಸಂಸ್ಥೆಗೆ ಶಿಫಾರಸು ಪತ್ರ ಪಡೆಯಬಹುದು. ಹೋಗುವಾಗ ಹಿಂದಿನ ಚೀಟಿಗಳು, ಸ್ಕ್ಯಾನ್ ವರದಿ ಹಾಗೂ ಪೆಟ್ಟಾದ ದಿನಾಂಕದ ವಿವರವನ್ನು ಜೊತೆಗೆ ಒಯ್ಯತಕ್ಕದ್ದು.