ದುಡಿಮೆಯ ಬೆವರು, ಓಟದ ಬೆವರು

ಕೋಲಾರದ ಚಿನ್ನದ ಗಣಿಗಳಲ್ಲಿ ಅತ್ಯಂತ ಆಳವಾದ ಚಾಂಪಿಯನ್ ರೀಫ್ಸ್ ಗಣಿಯು ನೆಲದೊಳಕ್ಕೆ ಸುಮಾರು ೩.೨ ಕಿಲೋಮೀಟರು ಇಳಿದಿತ್ತು. ಅಲ್ಲಿ ಬಂಡೆಯ ಉಷ್ಣತೆಯು ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಆ ಬೇಗೆಯಲ್ಲಿ ಬೆವರು ಸುರಿಸಿದವರನ್ನು ಕೆಳಗಿಳಿಸಿದ್ದು ಹೊಟ್ಟೆಪಾಡು. ೨೦೦೧ರಲ್ಲಿ ಗಣಿಯು ಮುಚ್ಚಿತು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಈಗ ನಸುಕಿನಲ್ಲಿಯೇ ರೈಲು ಹಿಡಿದು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

ಬೆಂಗಳೂರಿನಲ್ಲಿ ಅದೇ ನಸುಕಿನ ವೇಳೆಗೆ ಬೇರೊಂದು ಬಗೆಯ ಜನರು ಬೀದಿಗಿಳಿದಿರುತ್ತಾರೆ. ವೈದ್ಯರು, ವಕೀಲರು, ಸಾಫ್ಟ್‌ವೇರ್ ಎಂಜಿನಿಯರರು ಕೆಲಸಕ್ಕೆ ಮುನ್ನ ಹತ್ತಾರು ಕಿಲೋಮೀಟರು ಓಡುತ್ತಾರೆ. ಕೆಲವರು ಸೈಕಲ್ಲಿನಲ್ಲಿ ನಂದಿಬೆಟ್ಟವನ್ನು ಏರುತ್ತಾರೆ. ಹಣವನ್ನು ಪಡೆಯುವುದಿರಲಿ, ತಾವೇ ಹಣ ಕೊಟ್ಟು ಮ್ಯಾರಥಾನ್ ಓಟಗಳಿಗೆ ಹೆಸರು ಕೊಡುತ್ತಾರೆ. ಬಿಡುವೆಂಬುದೇ ಇಲ್ಲದ ಇವರು ಈ ಕಷ್ಟವನ್ನು ಏಕೆ ಕೊಂಡುಕೊಳ್ಳುತ್ತಾರೆ?

ಮೊದಲು ಕಷ್ಟದ ಪ್ರಮಾಣವನ್ನು ಲೆಕ್ಕ ಹಾಕೋಣ. ಓಡುವವನ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಶಕ್ತಿ ವ್ಯಯವಾಗುತ್ತದೆ. ೬೦ ಕಿಲೋಗ್ರಾಂ ತೂಕದವನು ಮ್ಯಾರಥಾನಿನ ೪೨.೧೯೫ ಕಿಲೋಮೀಟರನ್ನು ಓಡಿದರೆ ಸುಮಾರು ೨,೫೦೦ ಕಿಲೋಕ್ಯಾಲೊರಿ ವೆಚ್ಚವಾಯಿತು. ಇದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಉಷ್ಣವಾಗಿ ಮಾರ್ಪಡುತ್ತದೆ. ಒಂದು ಲೀಟರು ಬೆವರು ಆವಿಯಾಗುವಾಗ ಸುಮಾರು ೫೮೦ ಕಿಲೋಕ್ಯಾಲೊರಿ ಉಷ್ಣವನ್ನು ಒಯ್ಯುವುದರಿಂದ, ಬೆವರೊಂದರಿಂದಲೇ ದೇಹವು ತಣಿಯಬೇಕಾದರೆ ಮೂರು ಲೀಟರಿಗೂ ಮಿಕ್ಕು ಆವಿಯಾಗಬೇಕು. ತೇವ ತುಂಬಿದ ಗಾಳಿಯಲ್ಲಿ ಬೆವರು ಆವಿಯಾಗದೆ ಸುಮ್ಮನೆ ಹರಿದುಹೋಗುತ್ತದೆ. ಆಳದ ಗಣಿಗಳಲ್ಲಿನ ಸಂಕಟದ ಮೂಲವಿದೇ.

ಇಷ್ಟು ಕಷ್ಟಕ್ಕೆ ಆರೋಗ್ಯವೊಂದು ಕಾರಣವೆನ್ನಬಹುದು. ಲಂಡನ್ನಿನ ಬಸ್ಸುಗಳನ್ನು ಕುರಿತು ಜೆರೆಮಿ ಮಾರಿಸ್ ಮತ್ತು ಸಂಗಡಿಗರು ೧೯೫೩ರಲ್ಲಿ ಪ್ರಕಟಿಸಿದ ಸಂಶೋಧನೆಯು ಪ್ರಸಿದ್ಧವಾದುದು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಾಗಿತ್ತು. ಆದರೆ ಆರೋಗ್ಯಕ್ಕೆ ದಿನವೂ ಬಿರುಸಾದ ನಡಿಗೆಯೇ ಬಹುಮಟ್ಟಿಗೆ ಸಾಕು, ಮ್ಯಾರಥಾನ್ ಬೇಕಿಲ್ಲ.

ಉಳಿದ ಕಾರಣವು ಮನಸ್ಸಿನಲ್ಲಿದೆ. ಕಚೇರಿಯ ದುಡಿಮೆಯಲ್ಲಿ ಇಂದಿನ ಶ್ರಮಕ್ಕೆ ಇಂತಹುದೇ ಫಲವೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಓಟದಲ್ಲಿ ಹಾಗಲ್ಲ: ಕ್ರಮಿಸಿದ ದೂರವುಂಟು, ತೆಗೆದುಕೊಂಡ ಕಾಲವುಂಟು, ಕಳೆದ ತಿಂಗಳಿಗಿಂತ ಮುಂದುವರಿದೆನೆಂಬ ಪ್ರಮಾಣವುಂಟು. ತಾನೇ ಆಯ್ದುಕೊಂಡ ಕಾರ್ಯ, ಅದರಲ್ಲಿ ಪಳಗಿದೆನೆಂಬ ಅರಿವು, ಜೊತೆಗಾರರ ಸಂಗ, ಈ ಮೂರೂ ಮನುಷ್ಯನ ಮೂಲ ಬಯಕೆಗಳೆಂದು ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಪ್ರತಿಪಾದಿಸಿದ್ದಾರೆ. ಕೆಸರು, ಹಿಮಜಲ, ವಿದ್ಯುತ್ತಿನ ತಂತಿಗಳ ನಡುವೆ ಓಡುವ ಸ್ಪರ್ಧೆಯೊಂದನ್ನು ಪರಿಶೀಲಿಸಿ ಸ್ಕಾಟ್, ಕೈಲಾ, ಕೋವಾ ಎಂಬ ಮೂವರು ೨೦೧೭ರಲ್ಲಿ ಇನ್ನೊಂದು ಮಾತನ್ನು ಸೇರಿಸಿದರು: ಕುಳಿತೇ ದುಡಿಯುವವರು ಮರೆತ ದೇಹವನ್ನು ನೋವು ನೆನಪಿಗೆ ತರುತ್ತದೆ, ಸ್ವಲ್ಪ ಹೊತ್ತು ಮನಸ್ಸಿನ ಹೊರೆಯನ್ನೂ ಇಳಿಸುತ್ತದೆ.

ಹಾಗಾದರೆ ಗಣಿಯ ಬೆವರಿಗೂ ಓಟದ ಬೆವರಿಗೂ ಭೇದವೇನು? ಭೌತಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ. ದೇಹದ ಲೆಕ್ಕದಲ್ಲಿ ಬೇರೆ. ಶ್ರಮದಿಂದ ಸ್ನಾಯುಗಳೂ ಹೃದಯವೂ ಬಲಗೊಳ್ಳುವುದು ಅನಂತರದ ವಿಶ್ರಾಂತಿಯಲ್ಲಿ. ಓಟಗಾರನು ದಣಿದರೆ ನಿಲ್ಲಬಲ್ಲನು, ನಾಳೆ ಮಲಗಬಲ್ಲನು. ಗಣಿಗಾರನಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಮೇಲಾಗಿ ಕಲ್ಲಿನ ಧೂಳು ಅನೇಕರ ಶ್ವಾಸಕೋಶಗಳಿಗೆ ಸಿಲಿಕೋಸಿಸ್ ರೋಗವನ್ನು ತಂದಿತು. ಶ್ರಮವನ್ನು ಸುಖವಾಗಿಸುವುದು ಆಯ್ಕೆ. ಆಯ್ಕೆಗೆ ಬೇಕಾದದ್ದು ನಿದ್ರೆ, ಆಹಾರ ಮತ್ತು ಸ್ವಂತದ್ದೆನ್ನಬಹುದಾದ ಒಂದು ಗಂಟೆ. ಬೆಳಗಿನ ರೈಲಿನಲ್ಲಿ ನಿಂತು ಬರುವವನಿಗೆ ಓಡಲು ಸೋಮಾರಿತನ ಅಡ್ಡಿಯಲ್ಲ, ಆ ಒಂದು ಗಂಟೆ ಅವನ ಕೈಯಲ್ಲಿಲ್ಲ.