ಐದನೆಯವನ ಲೆಕ್ಕ
(ಗುಡ್ಡಗಾಡು ಓಟದ ಬಗ್ಗೆ ಲೇಖನ)

ನಮ್ಮ ಶಾಲೆಯಲ್ಲಿ ಓಟ ಅಂದರೆ ನೂರು ಮೀಟರ್, ಇನ್ನೂರು ಮೀಟರ್ ಮತ್ತು ರಿಲೇ. ಮೊದಲು ಬಂದವರಿಗೆ ಎಲ್ಲರೂ ಚಪ್ಪಾಳೆ ಹೊಡೀತಾರೆ. ಐದನೆಯವನು ಬಂದನೋ, ದಾರಿಯಲ್ಲೇ ಕೂತನೋ ಅಂತ ಯಾರೂ ತಿರುಗಿ ನೋಡೋದಿಲ್ಲ. ಆದರೆ ಐದನೆಯವನು ಬಂದು ಮುಟ್ಟುವ ತನಕ ಗೆದ್ದವರು ಯಾರು ಅಂತಲೇ ಹೇಳಲಾಗದ ಒಂದು ಓಟ ಇದೆ. ಅದೇ ಗುಡ್ಡಗಾಡು ಓಟ. ಇಂಗ್ಲಿಷಿನಲ್ಲಿ ಇದಕ್ಕೆ ಕ್ರಾಸ್ ಕಂಟ್ರಿ ಅನ್ನುತ್ತಾರೆ. ದಸರಾ ರಜೆ ಮುಗಿದ ಮೇಲೆ ಕೆರೆಯಾಚೆಯ ಶಾಲೆಯವರ ಜತೆ ನಮಗೆ ಇದೇ ಓಟದ ಪಂದ್ಯ ಇದೆಯಲ್ಲ, ಅದಕ್ಕೆ ಮುಂಚೆ ಇದರ ಲೆಕ್ಕ ಎಲ್ಲರಿಗೂ ತಿಳಿದಿರಲಿ ಅಂತ ಬರೆದಿದ್ದೇನೆ.

ಈ ಓಟ ಹುಟ್ಟಿದ್ದು ಹೇಗೆ?

ಇದು ಹುಟ್ಟಿದ್ದು ಸುಮಾರು ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಶಾಲೆಗಳಲ್ಲಿ. ಅಲ್ಲಿನ ಹುಡುಗರು ಮೊಲ ಮತ್ತು ಬೇಟೆನಾಯಿ ಅಂತ ಒಂದು ಆಟ ಆಡುತ್ತಿದ್ದರು. ಒಂದಿಬ್ಬರು ಮೊಲಗಳಾಗಿ ಚೀಲದ ತುಂಬ ಚೂರು ಕಾಗದ ತುಂಬಿಕೊಂಡು, ದಾರಿಯುದ್ದಕ್ಕೂ ಚೆಲ್ಲುತ್ತಾ ಹೊಲ, ಹಳ್ಳ, ಬೇಲಿ ದಾಟಿ ಓಡುತ್ತಿದ್ದರು. ಉಳಿದವರು ಬೇಟೆನಾಯಿಗಳ ಹಾಗೆ ಕಾಗದದ ಗುರುತು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದರು. ಆ ಆಟವೇ ಬೆಳೆದು ಪಂದ್ಯವಾಯಿತು.

1912, 1920 ಮತ್ತು 1924ರ ಒಲಿಂಪಿಕ್ಸಿನಲ್ಲಿ ಕೂಡ ಈ ಓಟ ಇತ್ತು. 1924ರಲ್ಲಿ ಪ್ಯಾರಿಸ್ ನಗರದಲ್ಲಿ ಓಟದ ದಿನ ಬೆಂಕಿಯಂಥ ಬಿಸಿಲು. ಓಡಲು ನಿಂತವರು 38 ಜನ, ಮುಗಿಸಿದವರು 15 ಜನ ಮಾತ್ರ. ಫಿನ್ಲೆಂಡಿನ ಪಾವೊ ನುರ್ಮಿ ಗೆದ್ದರು. ಆಮೇಲೆ ಒಲಿಂಪಿಕ್ಸಿನಿಂದ ಈ ಓಟವನ್ನು ತೆಗೆದುಬಿಟ್ಟರು. ಆದರೆ ಶಾಲೆ ಕಾಲೇಜುಗಳಲ್ಲಿ ಉಳಿದುಕೊಂಡಿತು. ಇದಕ್ಕೆ ದೊಡ್ಡ ಸ್ಟೇಡಿಯಂ ಬೇಡ, ದುಬಾರಿ ಸಾಮಾನೂ ಬೇಡ, ನೆಲ ಒಂದಿದ್ದರೆ ಸಾಕು.

ಲೆಕ್ಕ ಹೀಗಿದೆ

ಅಮೆರಿಕದ ಕಾಲೇಜುಗಳ ನಿಯಮವನ್ನೇ ನಮ್ಮ ಪಂದ್ಯಕ್ಕೂ ಇಟ್ಟುಕೊಂಡಿದ್ದೇವೆ. ಒಂದು ತಂಡಕ್ಕೆ ಏಳು ಜನ. ಅವರಲ್ಲಿ ಮೊದಲು ಬಂದ ಐದು ಜನರ ಸ್ಥಾನಗಳನ್ನು ಕೂಡಬೇಕು. ಮೊದಲನೆಯವನಿಗೆ 1, ಹತ್ತನೆಯವನಿಗೆ 10. ಯಾರ ಮೊತ್ತ ಕಡಿಮೆಯೋ ಅವರು ಗೆದ್ದ ಹಾಗೆ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬೇಕು, ಇಲ್ಲಿ ಕಡಿಮೆ ಬೇಕು! ಒಂದೇ ತಂಡದವರು ಮೊದಲ ಐದೂ ಸ್ಥಾನ ಹಿಡಿದರೆ 1+2+3+4+5=15. ಅದಕ್ಕಿಂತ ಕಡಿಮೆ ಮಾಡಲು ಯಾರಿಂದಲೂ ಸಾಧ್ಯವಿಲ್ಲ.

ಹಾಗಾದರೆ ಆರನೆಯವನು, ಏಳನೆಯವನು ಯಾಕೆ? ಅವರ ಅಂಕ ಕೂಡೋದಿಲ್ಲ, ನಿಜ. ಆದರೆ ಅವರು ಎದುರಾಳಿ ತಂಡದ ಐದನೆಯವನಿಗಿಂತ ಮುಂದೆ ಬಂದರೆ, ಆ ಐದನೆಯವನ ಸ್ಥಾನ ಹಿಂದಕ್ಕೆ ಹೋಗುತ್ತದೆ, ಅವರ ಮೊತ್ತ ಏರುತ್ತದೆ.

ಬೆಟ್ಟದ ಮೇಲಿನ ಎರಡು ಕಾಲೇಜು

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಅಲಮೋಸ ಅಂತ ಒಂದು ಸಣ್ಣ ಪಟ್ಟಣ ಇದೆ. ಎತ್ತರ ಸುಮಾರು 2,300 ಮೀಟರ್. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 1,930 ಮೀಟರ್. ಅಂದ್ರೆ ಆ ಊರಿನ ಬೀದಿಯೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿದೆ! ಅಲ್ಲಿ ಗಾಳಿ ತೆಳು, ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ಅಲ್ಲೇ ಇದ್ದು ಓಡಿದವರ ರಕ್ತದಲ್ಲಿ ನಿಧಾನವಾಗಿ ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಆಮ್ಲಜನಕವನ್ನು ಹೊರುವುದು ಆ ಕಣಗಳೇ ಎಂದು ನಾವು ವಿಜ್ಞಾನದಲ್ಲಿ ಓದಿದ್ದೇವೆ.

ಅಲಮೋಸದಲ್ಲಿರುವುದು ಆಡಮ್ಸ್ ಸ್ಟೇಟ್ ಕಾಲೇಜು (2012ರಿಂದ ವಿಶ್ವವಿದ್ಯಾಲಯ). ಅಲ್ಲಿ ಜೋ ವಿಜಿಲ್ ಎಂಬ ಗುರುಗಳು ಬಹಳ ವರ್ಷ ಓಟ ಕಲಿಸಿದರು. 1992ರಲ್ಲಿ ಅಮೆರಿಕದ ಎರಡನೇ ವಿಭಾಗದ ಕಾಲೇಜುಗಳ ರಾಷ್ಟ್ರೀಯ ಪಂದ್ಯ ನಡೆಯಿತು. ಅದರಲ್ಲಿ ಅವರ ಹುಡುಗರು ಮೊದಲ ಐದೂ ಸ್ಥಾನ ಹಿಡಿದುಬಿಟ್ಟರು. ಮೊತ್ತ ಬರೀ 15! ಆಮೇಲೆ ಇದೇ ಗುರುಗಳ ಶಿಷ್ಯೆ ಡೀನಾ ಕಾಸ್ಟರ್ 2004ರ ಅಥೆನ್ಸ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಕಂಚು ಗೆದ್ದರು.

ಇವರ ಎದುರಾಳಿಗಳು ದೂರದವರಲ್ಲ. ಅದೇ ರಾಜ್ಯದ ಗನ್ನಿಸನ್ ಎಂಬ ಊರಿನ ವೆಸ್ಟರ್ನ್ ಸ್ಟೇಟ್ ಕಾಲೇಜು. ಈಗ ಅದರ ಹೆಸರು ವೆಸ್ಟರ್ನ್ ಕೊಲೊರಾಡೊ ವಿಶ್ವವಿದ್ಯಾಲಯ. ಅದೂ ಬೆಟ್ಟದ ಊರು, ಚಳಿಗಾಲದಲ್ಲಿ ಹಿಮ ಬೀಳುವ ಊರು. ಎರಡೂ ಊರಿನ ಮಧ್ಯೆ ದಾರಿ ಸುಮಾರು 200 ಕಿ.ಮೀ., ಅಂದರೆ ಬೆಂಗಳೂರಿಂದ ಚಿತ್ರದುರ್ಗದಷ್ಟು. 2008, 2009, 2010 ಮೂರು ವರ್ಷ ಪುರುಷರ ಪ್ರಶಸ್ತಿ ಆಡಮ್ಸ್ ಸ್ಟೇಟಿಗೆ. 2011ರಲ್ಲಿ ವೆಸ್ಟರ್ನ್ ಸ್ಟೇಟ್ ಕಿತ್ತುಕೊಂಡಿತು. 2012ರಲ್ಲಿ ಮತ್ತೆ ಆಡಮ್ಸ್ ಸ್ಟೇಟ್! ದೊಡ್ಡ ದೊಡ್ಡ ನಗರದ ಕಾಲೇಜುಗಳು ನೋಡುತ್ತಾ ನಿಂತಿದ್ದವು. ಪಕ್ಕದಲ್ಲೇ ಬಲವಾದ ಎದುರಾಳಿ ಇದ್ದರೆ ಸೋಮಾರಿಯಾಗಲು ಆಗೋದಿಲ್ಲ ಎಂದು ನಮ್ಮ ಪಿ.ಟಿ. ಮೇಷ್ಟ್ರು ಹೇಳಿದರು.

ಮೂರನೇ ವಿಭಾಗ ಅಂತ ಇನ್ನೂ ಒಂದಿದೆ. ಅಲ್ಲಿ ಚೆನ್ನಾಗಿ ಓಡ್ತಾನೆ ಅಂತ ಯಾರಿಗೂ ವಿದ್ಯಾರ್ಥಿವೇತನ ಕೊಡೋ ಹಾಗಿಲ್ಲ. 2022ರಲ್ಲಿ ಆ ವಿಭಾಗದ ಪುರುಷರ ಪ್ರಶಸ್ತಿ ಗೆದ್ದದ್ದು ಎಂ.ಐ.ಟಿ. ಅದು ಪ್ರಪಂಚದಲ್ಲೇ ಹೆಸರಾದ ಇಂಜಿನಿಯರಿಂಗ್ ವಿದ್ಯಾಸಂಸ್ಥೆ. ಓಡಿದರೆ ಓದು ಕೆಡುತ್ತೆ ಅನ್ನೋರು ಇದನ್ನು ಎರಡು ಸಲ ಓದಬೇಕಾಗಿ ವಿನಂತಿ.

ಗೆಲ್ಲೋದು ಯಾರು ಅಂತ ಮೊದಲೇ ಅಳೆಯೋದು ಹೇಗೆ?

ಅಲ್ಲಿ ಓಟದ ಕಾಲ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಶುರುವಾಗಿ ನವೆಂಬರಿನ ರಾಷ್ಟ್ರೀಯ ಪಂದ್ಯದ ತನಕ. ಎರಡನೇ ವಿಭಾಗದ ಪುರುಷರಿಗೆ ಕೊನೆಯ ಪಂದ್ಯ 10 ಕಿ.ಮೀ. ಓಟ ಶುರುವಾಗುವ ಮುಂಚೆಯೇ ತರಬೇತುದಾರರು ಯಾವ ಕಾಲೇಜಿಗೆ ಎಷ್ಟನೇ ಸ್ಥಾನ ಅಂತ ಅಂದಾಜು ಪಟ್ಟಿ ಮಾಡ್ತಾರೆ. ಅವರು ನೋಡುವ ವಿಷಯ ಮುಖ್ಯವಾಗಿ ನಾಲ್ಕು.

1. ಓದು ಮುಗಿಸಿ ಹೋದವರು ಎಷ್ಟು ಜನ, ಉಳಿದವರು ಎಷ್ಟು ಜನ.
2. ಹೊಸದಾಗಿ ಸೇರಿದವರು ಹೇಗೆ ಓಡ್ತಾರೆ.
3. ರಜೆಯಲ್ಲಿ ಯಾರು ತಪ್ಪದೆ ಓಡಿದರು, ಯಾರಿಗೆ ಕಾಲು ನೋವು.
4. ಮೊದಲನೆಯವನು ಬಂದು ಎಷ್ಟು ಹೊತ್ತಿಗೆ ಐದನೆಯವನು ಬರ್ತಾನೆ.

ಈ ನಾಲ್ಕನೆಯದು ಎಷ್ಟು ದೊಡ್ಡದು ಅಂತ ನಾವು ಕಣ್ಣಾರೆ ನೋಡಿದೆವು.

ನಮ್ಮ ಶಾಲೆಯ ಪರೀಕ್ಷೆ

ಹೋದ ಶನಿವಾರ ಮೇಷ್ಟ್ರು ಆರನೇ ತರಗತಿಗೂ ನಮ್ಮ ಏಳನೇ ತರಗತಿಗೂ ಓಟ ಇಟ್ಟರು. ಶಾಲೆ ಗೇಟಿನಿಂದ ಹೊರಟು, ಹೊಲದ ಬದುವಿನ ಮೇಲೆ ಹೋಗಿ, ಕೆರೆ ಏರಿ ಹತ್ತಿ, ಹುಣಸೆಮರ ಸುತ್ತಿ ವಾಪಸ್ಸು ಬರಬೇಕು. ತರಗತಿಗೆ ಐದೈದೇ ಜನ. ಬಂದವರ ಅಂಗೈ ಮೇಲೆ ಮೇಷ್ಟ್ರು ಪೆನ್ನಿನಲ್ಲಿ ನಂಬರು ಬರೆದರು.

ನಮ್ಮ ಕ್ಲಾಸ್ ಲೀಡರ್ ಮೊದಲನೆಯವನು, ಕುರಿ ಮೇಯಿಸಲು ಹೋಗುವ ಗೆಳೆಯ ಎರಡನೆಯವನು. ನಾವು ಗೆದ್ದೆವು ಅಂತ ಏಳನೇ ತರಗತಿಯವರೆಲ್ಲ ಕೂಗಿಯೇಬಿಟ್ಟರು. ಆಮೇಲೆ ಲೆಕ್ಕ ಹಾಕಿ ನೋಡಿದರೆ:

ಏಳನೇ ತರಗತಿ: 1+2+7+9+10=29
ಆರನೇ ತರಗತಿ: 3+4+5+6+8=26

ನಾವು ಸೋತೆವು! ಆರನೇ ತರಗತಿಯ ನಾಲ್ವರು ಒಬ್ಬರನ್ನೊಬ್ಬರು ಬಿಡದೆ ಒಟ್ಟಿಗೇ ಓಡಿದ್ದರು. ಎಂಟನೆಯವಳಾಗಿ ಬಂದದ್ದು ಒಬ್ಬ ಹುಡುಗಿ. ಅವಳನ್ನು ಇದುವರೆಗೆ ಯಾವ ಆಟಕ್ಕೂ ಯಾರೂ ಆರಿಸಿರಲಿಲ್ಲ. ನಮ್ಮ ಒಂಬತ್ತನೆಯವನೂ ಹತ್ತನೆಯವನೂ ಅವಳೊಬ್ಬಳನ್ನು ದಾಟಿದ್ದರೆ ನಮಗೆ 1+2+7+8+9=27, ಅವರಿಗೆ 3+4+5+6+10=28 ಆಗುತ್ತಿತ್ತು. ಆಗ ಗೆಲುವು ನಮ್ಮದು.

ಒಂಬತ್ತನೆಯವನು ತನ್ನ ಹೆಸರು ಬರೀಬೇಡ ಅಂದಿದ್ದಾನೆ, ಬರೆಯೋದಿಲ್ಲ. ಹತ್ತನೆಯವನು ನಾನೇ. ಒಂದು ನಿಜ ಹೇಳಬೇಕು. ಹುಣಸೆಮರ ಸುತ್ತಿದ ಮೇಲೆ ನನಗೆ ಪಕ್ಕೆ ಹಿಡಿಯಿತು. ನಮ್ಮ ಲೀಡರ್ ಮುಂದಿದ್ದಾನಲ್ಲ, ನಾನು ಹೇಗೆ ಬಂದರೇನು ಅಂತ ಏರಿ ಮೇಲೆ ನಡೆದುಬಿಟ್ಟೆ. ಶಾಲೆ ಕಾಣಿಸಿದ ಮೇಲೆ ಮತ್ತೆ ಓಡಿದೆ. ಯಾರೂ ನೋಡಿಲ್ಲ ಅಂದುಕೊಂಡಿದ್ದೆ. ಆದರೆ ಆ 29ರಲ್ಲಿ ನನ್ನ ಹತ್ತು ಎಲ್ಲರಿಗೂ ಕಾಣುವ ಹಾಗೆ ಬೋರ್ಡಿನ ಮೇಲೆ ಇತ್ತು. ಲೀಡರ್ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕೆರೆಯಾಚೆಯವರ ಜತೆ ಏನಾಗಬಹುದು?

ಅವರ ಶಾಲೆಯಲ್ಲಿ ನಮ್ಮ ಮೂರರಷ್ಟು ಮಕ್ಕಳಿದ್ದಾರೆ. ಖೋ ಖೋದಲ್ಲಿ ನಾವು ಅವರಿಗೆ ಸೋಲುತ್ತಲೇ ಬಂದಿದ್ದೇವೆ. ಅವರ ಮೂವರು ಹುಡುಗರು ಹೋಬಳಿ ಮಟ್ಟದಲ್ಲಿ ಬಹುಮಾನ ತಗೊಂಡವರು. ಆದರೆ ಅವರ ನಾಲ್ಕನೆಯವನು, ಐದನೆಯವನು ಅಷ್ಟು ಜೋರಿಲ್ಲ ಅಂತ ಅಲ್ಲಿ ಓದುವ ನನ್ನ ಅತ್ತೆ ಮಗ ಹೇಳಿದ್ದಾನೆ. (ಅವನು ಇದನ್ನು ಓದೋದಿಲ್ಲ ಅಂತ ಧೈರ್ಯ.)

ಅವರು 1, 2, 3 ಬಂದರು ಅಂತಿಟ್ಟುಕೊಳ್ಳಿ. ನಮ್ಮ ಏಳೂ ಜನ ಅವರ ಬೆನ್ನಿಗೇ 4ರಿಂದ 10ರ ತನಕ ಬಂದರೆ ನಮ್ಮ ಮೊತ್ತ 4+5+6+7+8=30. ಅವರದು 1+2+3+11+12=29. ಒಂದೇ ಅಂಕದಲ್ಲಿ ಸೋಲು! ಅದೇ ನಮ್ಮ ಲೀಡರ್ ಅವರ ಮೂರನೆಯವನನ್ನು ದಾಟಿದರೆ ನಮಗೆ 3+5+6+7+8=29, ಅವರಿಗೆ 1+2+4+11+12=30. ಒಂದೇ ಅಂಕದಲ್ಲಿ ಗೆಲುವು!

ಇಲ್ಲಿ ಇನ್ನೊಂದು ಗಮನಿಸಿ. ನಮ್ಮ ಆರನೆಯವನೂ ಏಳನೆಯವನೂ ಹಿಂದೆ ಉಳಿದುಬಿಟ್ಟರೆ ಅವರ ಕೊನೆಯ ಇಬ್ಬರಿಗೆ 11, 12ರ ಬದಲು 9, 10 ಸಿಗುತ್ತದೆ. ಮೊತ್ತ 30 ಹೋಗಿ 26 ಆಗುತ್ತದೆ. ಆಗ ಲೀಡರ್ ಅವರ ಮೂರನೆಯವನನ್ನು ದಾಟಿದರೂ ಪ್ರಯೋಜನವಿಲ್ಲ. ಅಂದರೆ ಅಂಕವೇ ಇಲ್ಲದ ಇಬ್ಬರು ಪಂದ್ಯ ಗೆಲ್ಲಿಸಬಹುದು, ಸೋಲಿಸಲೂಬಹುದು.

ಹೋದ ಶನಿವಾರದ ಪ್ರಕಾರ ಆರು ಜನ ತಂಡಕ್ಕೆ ಖಂಡಿತ. ಏಳನೆಯ ಜಾಗಕ್ಕೆ ರಜೆ ಮುಗಿದ ಮೊದಲ ಶನಿವಾರ ಇನ್ನೊಂದು ಓಟ ಇಡುತ್ತೇನೆ, ಯಾರು ಬೇಕಾದರೂ ಬರಬಹುದು ಎಂದು ಮೇಷ್ಟ್ರು ಹೇಳಿದ್ದಾರೆ. ಆರನೇ ತರಗತಿಯವರಿಗೆ ಮುಂದಿನ ವರ್ಷವೂ ಇದೆ. ನಾವು ಏಳನೆಯವರು ಹೈಸ್ಕೂಲಿಗೆ ಬೇರೆ ಊರಿಗೆ ಹೋಗ್ತೇವೆ. ನಮ್ಮ ಪಾಲಿಗೆ ಈ ಶಾಲೆಯ ಹೆಸರಲ್ಲಿ ಇದೊಂದೇ ಓಟ.

ರಜೆಯಲ್ಲಿ ದಿನಾ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ನಾನು ಕೆರೆ ಏರಿಗೆ ಹೋಗುತ್ತೇನೆ. ಬೇಗ ಓಡೋದು ಆಮೇಲೆ. ಮೊದಲು ಹುಣಸೆಮರದಿಂದ ಶಾಲೆ ತನಕ ನಡೆಯದೆ ಬರೋದು ಕಲೀಬೇಕು. ಆ ಆರನೇ ತರಗತಿಯ ಹುಡುಗಿಯೂ ಬರ್ತಾಳಂತೆ. ಜತೆಗೆ ಬರುವವರು ಹುಣಸೆಮರದ ಹತ್ತಿರ ಸಿಗಿ.

— 7ನೇ ತರಗತಿ ವಿದ್ಯಾರ್ಥಿ